ಹಲೋ ಅಣ್ಣ ಲಿನಕ್ಸ್ ಕಲಿತದ್ದು

ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದವನನ್ನು ಎಲ್ಲರೂ ಹಲೋ ಅಣ್ಣ ಅಂತಲೇ ಕರೆಯುತ್ತಿದ್ದರು. ಹುಟ್ಟಿನಿಂದ ಅವನಿಗೆ ಕಣ್ಣು ಕಾಣದು. ಆದರೆ ಆಸ್ಪತ್ರೆಯ ಆರುನೂರು ಚಿಲ್ಲರೆ ನಂಬರು ಬಾಯಿಪಾಠ. ಆ ಕಡೆಯಿಂದ ಒಮ್ಮೆ ಕೆಮ್ಮಿದರೆ ಸಾಕು, ಯಾವ ಡಾಕ್ಟರು ಅಂತ ಹೇಳಿಬಿಡುತ್ತಿದ್ದ.

ಕೊನೆಗೊಮ್ಮೆ ಕರೆಗಳನ್ನು ತಾನೇ ಜೋಡಿಸುವ ಯಂತ್ರ ಬಂತು. "ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲಪ್ಪ, ದಾಖಲೆ ವಿಭಾಗದಲ್ಲಿ ಕೂತಿರು," ಅಂದರು ಸೂಪರಿಂಟೆಂಡೆಂಟ್. ಕೂತಿರು ಅಂದರೆ ಬರೀ ಕೂತಿರುವುದೇ. ಅವನ ಹೆಂಡತಿ ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಸಂಜೆ ಜೊತೆಯಲ್ಲಿ ನಡೆಯುವಾಗ, "ಇವತ್ತೇನು ಮಾಡಿದ್ರಿ?" ಅಂತ ಕೇಳುವಳು.

"ಕುರ್ಚಿ ಕಾಯ್ತಾ ಕೂತಿದ್ದೆ."

ಹದಿನೈದು ದಿನ ತಡೆದುಕೊಂಡಳು. ಆಮೇಲೆ ಒದ್ದೆ ಕೈ ಒರೆಸಿಕೊಳ್ಳುತ್ತಲೇ, ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಸಿಸ್ಟಂ ಮೇಡಂ ಹತ್ತಿರ ಹೋದಳು. "ಮೇಡಂ, ಇವರಿಗೇನಾದ್ರೂ ಕೆಲಸ ಕೊಡಿ. ಮನೇಲಿ ನಾನು ಬಾಯಿ ತೆಗೆದ್ರೆ ಫೋನ್ ಇಟ್ಟುಬಿಟ್ಟ ಹಾಗೆ ಮಾಡ್ತಾರೆ."

ಮೇಡಂ ಮೂಲೆಗೆ ಎಸೆದಿದ್ದ ಹಳೇ ಕಂಪ್ಯೂಟರಿಗೆ, ಅದನ್ನು ನಡೆಸುವ ಲಿನಕ್ಸ್ ಅನ್ನುವ ತಂತ್ರಾಂಶ ಹಾಕಿ, ಹೆಡ್‌ಫೋನ್ ಜೋಡಿಸಿ ಅವನ ಮುಂದಿಟ್ಟಳು. ಅವನು ಹಿಂದೆ ಸರಿದ. ಹಿಂದೊಮ್ಮೆ ಕಂಪ್ಯೂಟರ್ ಮುಟ್ಟಿ ನೋಡಿದ್ದ. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ದನಿ "ಬಟನ್, ಬಟನ್, ಹೆಸರಿಲ್ಲದ ಬಟನ್" ಅಂತ ತಲೆ ತಿಂದಿತ್ತು.

"ಇದರಲ್ಲಿ ಚಿತ್ರಾನೂ ಇಲ್ಲ, ಮೌಸೂ ಬೇಡ. ನೀವು ಒಂದು ಸಾಲು ಬರೀತೀರಿ, ಅದು ಉತ್ತರ ಓದಿ ಹೇಳುತ್ತೆ."

"ಅಂದ್ರೆ ಫೋನಲ್ಲಿ ಮಾತಾಡಿದ ಹಾಗೆ?"

"ಹಾಗೇ ಅಂದ್ಕೊಳ್ಳಿ."

ಕುರುಡರ ಶಾಲೆಯಲ್ಲಿ ಕಲಿತಿದ್ದ ಟೈಪಿಂಗ್ ಕೈಹಿಡಿಯಿತು. ಮೊದಲ ವಾರ ತಲೆಯಲ್ಲಿದ್ದ ಅಷ್ಟೂ ನಂಬರನ್ನು ಒಂದು ಕಡತಕ್ಕೆ ಹಾಕಿದ. 'ಗ್ರೆಪ್' ಅಂತ ಬರೆದು ಹೆಸರು ಕೊಟ್ಟರೆ ಬೇಕಾದ ಸಾಲು ಮಾತ್ರ ಕಿವಿಗೆ ಬೀಳುತ್ತಿತ್ತು. ಅರ್ಧ ಹೆಸರು ಬರೆದು ಟ್ಯಾಬ್ ಒತ್ತಿದರೆ ಉಳಿದರ್ಧ ಅದೇ ತುಂಬಿಕೊಳ್ಳುತ್ತದೆ, 'ಟೇಲ್' ಅಂದರೆ ಉದ್ದನೆಯ ಕಡತದ ಕೊನೆಯ ಹತ್ತು ಸಾಲಷ್ಟೇ ಓದುತ್ತದೆ ಅಂತ ಗೊತ್ತಾದ ದಿನ ಮನೆಗೆ ಹೋಗಿ ಹೆಂಡತಿಗೆ ಊಟ ಮುಗಿಯುವವರೆಗೂ ಅದನ್ನೇ ಹೇಳಿದ.

ಎಡವಟ್ಟೂ ಆಯಿತು. ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿ ಅದೇ ಕಡತಕ್ಕೆ ಹಾಕು ಅಂದ. ಯಂತ್ರ ಮೊದಲು ಕಡತವನ್ನು ಖಾಲಿ ಮಾಡಿತು, ಆಮೇಲೆ ಜೋಡಿಸಲು ಹೋಯಿತು. ಜೋಡಿಸಲು ಉಳಿದಿದ್ದೇನು, ಮಣ್ಣು! ಮೇಡಂ ತಲೆ ಚಚ್ಚಿಕೊಂಡಳು. ಅವನು ಮಾತ್ರ ನಕ್ಕು, ಎರಡು ದಿನದಲ್ಲಿ ಅಷ್ಟನ್ನೂ ನೆನಪಿನಿಂದಲೇ ಮತ್ತೆ ಬರೆದ. ಹೊಸ ಕಡತಕ್ಕೊಂದು ನಕಲನ್ನೂ ತೆಗೆದಿಟ್ಟ.

ವರ್ಷ ಕಳೆಯುವಷ್ಟರಲ್ಲಿ ಆಸ್ಪತ್ರೆಯ ದಾಖಲೆಗಳೆಲ್ಲ ಇರುವ ಸರ್ವರ್ ಕಂಪ್ಯೂಟರಿನೊಳಕ್ಕೂ ತನ್ನ ಕುರ್ಚಿಯಿಂದಲೇ ಹೊಕ್ಕು, ದಿನದ ವರದಿ ಓದಿ ಮೇಡಂಗೆ ಹೇಳುವಷ್ಟಾದ.

ಒಂದು ಸೋಮವಾರ, ಎರಡು ದಿನದ ರಜೆ ಮುಗಿದ ಬೆಳಿಗ್ಗೆ, ನೋಂದಣಿ ಕೌಂಟರಿನ ಪರದೆಗಳೆಲ್ಲ ಬೆಳ್ಳಗಾಗಿ ನಿಂತುಬಿಟ್ಟವು. ಸಾಲು ಗೇಟಿನವರೆಗೆ ಬೆಳೆಯಿತು. ಮೇಡಂ ಅಕ್ಕನ ಬಾಣಂತನಕ್ಕೆ ಹೋಗಿದ್ದಳು. ಸೂಪರಿಂಟೆಂಡೆಂಟ್ ಅವಳಿಗೆ ಫೋನು ಹಚ್ಚಿಕೊಂಡು ಇವನ ಕೋಣೆಗೇ ಓಡಿಬಂದರು. ಆ ಕಡೆಯಿಂದ ಮೇಡಂ, "ಡಿಸ್ಕ್ ತುಂಬಿದೆಯಾ ನೋಡಿ," ಅಂದಳು.

'ಡಿ ಎಫ್' ಬರೆದ. ಯಂತ್ರ ಕಿವಿಯಲ್ಲಿ ಹೇಳಿದ್ದನ್ನು ಕೇಳಿ ಫೋನಿಗೆ ಅಂದ, "ನೂರಕ್ಕೆ ನೂರು ತುಂಬಿದೆ ಮೇಡಂ. ತೇಗೋಕೂ ಜಾಗ ಇಲ್ಲ."

'ಡಿ ಯು' ಅಂತ ಒಂದೊಂದೇ ಫೋಲ್ಡರಿನ ತೂಕ ಕೇಳುತ್ತ ಹೋದ. ಯಂತ್ರ ತನ್ನ ಆಗುಹೋಗು ಬರೆದಿಡುವ ದಿನಚರಿ ಕಡತಗಳ ನಡುವೆ ಎಂಬತ್ತೇಳು ಜಿಬಿಯದು ಒಂದು ಸಿಕ್ಕಿತು. ಕೊನೆಯ ಹತ್ತು ಸಾಲು ಓದಿಸಿದ. ಹತ್ತೂ ಒಂದೇ: ಪ್ರಯೋಗಾಲಯದ ಪ್ರಿಂಟರ್ ಸಿಗುತ್ತಿಲ್ಲ. ಎರಡು ದಿನ ಸೆಕೆಂಡಿಗೆ ಸಾವಿರಾರು ಸಲ ಅದೊಂದೇ ಗೋಳು.

"ಅಳಿಸಿಬಿಡು, ಅಳಿಸಿಬಿಡು!" ಅಂದರು ಸೂಪರಿಂಟೆಂಡೆಂಟ್.

"ಅಳಿಸಬೇಡಿ," ಅಂದಳು ಮೇಡಂ. "ಪ್ರೋಗ್ರಾಂ ಆ ಕಡತವನ್ನ ಹಿಡಿದುಕೊಂಡೇ ಕೂತಿದೆ. ಹೆಸರು ಹೋಗುತ್ತೆ, ಜಾಗ ಬರಲ್ಲ. ಕಡತ ಹಾಗೇ ಇರಲಿ, ಒಳಗಿದ್ದದ್ದನ್ನ ಖಾಲಿ ಮಾಡಿ."

"ಖಾಲಿ ಮಾಡೋದು ನನಗೆ ಚೆನ್ನಾಗೇ ಬರುತ್ತೆ ಮೇಡಂ."

ಆದರೂ ಕಡತದ ಹೆಸರನ್ನು ಎರಡು ಸಲ ಓದಿಸಿ ಕೇಳಿ, ಎಂಟರ್ ಒತ್ತಿದ. ಕೌಂಟರಿನ ಪ್ರೋಗ್ರಾಂಗಳನ್ನು ಮತ್ತೆ ಶುರು ಮಾಡಿಸಿದಳು ಮೇಡಂ. ಐದು ನಿಮಿಷಕ್ಕೆ ಹೊರಗಿನಿಂದ "ಬಂತು, ಬಂತು!" ಅನ್ನುವ ಕೂಗು ಕೇಳಿತು. ನೆಲ ಒರೆಸುವಾಗ ಯಾರೋ ಕಿತ್ತಿದ್ದ ಪ್ರಿಂಟರಿನ ಕೇಬಲ್ಲನ್ನೂ ಸಿಕ್ಕಿಸಿದರು.

ಸೂಪರಿಂಟೆಂಡೆಂಟ್ ಅವನ ಭುಜ ತಟ್ಟಿ ಹೋದರು. ಆ ವಾರವೇ ಸರ್ವರ್ ನೋಡಿಕೊಳ್ಳುವ ಕೆಲಸ ಅವನದು ಅಂತ ಆದೇಶ ಬಂತು.

ಈಗ ಹೆಂಡತಿ ಮಧ್ಯಾಹ್ನದ ಬುತ್ತಿ ಹಿಡಿದು ಅವನ ಕೋಣೆಗೇ ಬರುತ್ತಾಳೆ. ಮೊನ್ನೆ ಹೆಡ್‌ಫೋನನ್ನು ತನ್ನ ಕಿವಿಗಿಟ್ಟುಕೊಂಡವಳು ತಕ್ಷಣ ಕಿತ್ತಳು.

"ಅಯ್ಯೋ, ಒಂದಕ್ಷರ ಅರ್ಥ ಆಗಲ್ಲ! ಇಷ್ಟು ಬೇಗ ಬೇಗ ಒದರಿದ್ರೆ ನಿಮಗೆ ಹೇಗ್ರೀ ತಿಳಿಯುತ್ತೆ?"

"ನಿನ್ನ ಜೊತೆ ಹತ್ತೊಂಬತ್ತು ವರ್ಷ ಸಂಸಾರ ಮಾಡಿಲ್ವಾ?" ಅಂದ ಹಲೋ ಅಣ್ಣ, ಬುತ್ತಿಯ ಮುಚ್ಚಳ ತೆಗೆಯುತ್ತ.