ಕೋಚ್ ಬದಲಾದ ದಿನ

ಟಿವಿಯಲ್ಲಿ ದೊಡ್ಡ ಟೆನಿಸ್ ಪಂದ್ಯ ಬಂದಾಗ ನಾನು ಆಟಗಾರರಿಗಿಂತ ಹೆಚ್ಚು ನೋಡುವುದು ಮೇಲೆ ಗ್ಯಾಲರಿಯಲ್ಲಿ ಕೂತು ಉಗುರು ಕಚ್ಚುವ ಕೋಚ್‌ಗಳನ್ನು. ಆಟಗಾರ ನಾಲ್ಕು ಪಂದ್ಯ ಸೋತರೆ ಸಾಕು, ಕೋಚ್‌ನನ್ನು ಬಿಟ್ಟ ಸುದ್ದಿ ಎರಡು ಸಾಲಿನಲ್ಲಿ ಬರುತ್ತದೆ. ನನ್ನನ್ನು ಬಿಟ್ಟ ರೀತಿ ಬೇರೆ.

ಕುಷ್ಟಗಿಯ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮಾಸ್ತರ. ಹತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಟೆನಿಸ್ ಕಲಿಸುತ್ತಿದ್ದೆ. ಅವಳ ಆಟ ಆಗಲೇ ನನ್ನ ಕೈ ಮೀರಿತ್ತು. ಪರೀಕ್ಷೆ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳ ಅಪ್ಪ, ಅವ್ವ ಹೊಸ ಬಟ್ಟೆ ಉಟ್ಟು ನಮ್ಮ ಮನೆಗೆ ಬಂದರು. ಕೈಯಲ್ಲಿ ತಟ್ಟೆ, ಅದರಲ್ಲಿ ಕಾಯಿ, ಎಲೆ ಅಡಿಕೆ, ಕುಂಕುಮ.

“ಇನ್ನೂ ಸಣ್ಣ ಹುಡುಗಿ. ಲಗ್ನಕ್ಕ ಏನು ಅವಸರ ಬಿದ್ದಿತ್ರಿ ನಿಮಗ?” ಎಂದು ಅವರು ಕೂರುವ ಮೊದಲೇ ರೇಗಿದೆ.

ಅಪ್ಪ ಗಾಬರಿಯಾದ. “ಲಗ್ನ ಅಲ್ರಿ ಸರ. ಧಾರವಾಡದಾಗ ದೊಡ್ಡ ಕೋಚ್ ಅದಾರಂತ, ಇನ್ನ ಅವರ ಕಡೆ ಕಲೀಲಿ ಅಂತ. ನಿಮ್ಮನ್ನ ಬಿಡಾಕ ಬರಿಗೈಲೆ ಹೆಂಗ ಬರೂದ್ರಿ?”

ನಾನು ತಟ್ಟೆಯನ್ನು ಎರಡೂ ಕೈಯಿಂದ ತಗೊಂಡೆ. ತನ್ನನ್ನು ಬಿಟ್ಟ ಸುದ್ದಿ ಕೇಳಿ ನನ್ನಷ್ಟು ನಿರಾಳವಾಗಿ ಉಸಿರು ಬಿಟ್ಟ ಕೋಚ್ ಟಿವಿಯಲ್ಲಿ ನನಗಿನ್ನೂ ಕಂಡಿಲ್ಲ.