ಹಿಂದಿನ ಸೀಟಿನ ಎಡಮೂಲೆ

ನಮ್ಮ ಹಳೇ ಅಂಬಾಸಿಡರ್ ಒಂದು ಕಡೆಗೆ ವಾಲಿದ್ದನ್ನ ಮೊದಲು ಕಂಡೋಳು ನಾನೇ. ಕಿರಂಗೂರಿನ ನಮ್ಮ ಮನೆ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ದೆ. ಅಂಗಳದಲ್ಲಿ ನಿಂತಿದ್ದ ಕಾರಿನ ಹಿಂದಿನ ಎಡಮೂಲೆ ತಗ್ಗಾಗಿ ಕಾಣ್ತು. ಎದ್ದುಹೋಗಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿದೆ. ಬಲಗಡೆ ಸಲೀಸಾಗಿ ಹೋಯ್ತು, ಎಡಗಡೆ ಬೆರಳು ಹೋಗೋದೂ ಕಷ್ಟ. ಯಜಮಾನರಿಗೆ ಹೇಳಿದ್ರೆ, "ನೆಲ ವಾರೆ ಅದೆ ಕಣಮ್ಮಿ," ಅಂದ್ರು. ನೆಲ ವಾರೆಯಂತೆ! ಹಂಗಾದ್ರೆ ತಿರುಗಿಸಿ ನಿಲ್ಲಿಸಿ ಅಂದೆ. ತಿರುಗಿಸಿದ್ರು. ಆಗಲೂ ತಗ್ಗಿದ್ದು ಅದೇ ಮೂಲೆ.

ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದ ಮೆಕ್ಯಾನಿಕ್ಕು ಶಾಕ್ ಅಬ್ಸಾರ್ಬರ್ ಹೋಗಿದೆ ಅಂತ ಹೊಸದು ಹಾಕಿದ. ಹೊಸದೋ, ಹಳೇದಕ್ಕೇ ಬಣ್ಣ ಬಳಿದನೋ, ಯಾರಿಗೆ ಗೊತ್ತು? ಯಜಮಾನರು ಗದ್ದೆ ಕಡೆ ಹೋದ ಮೇಲೆ ನಾನೇ ಪರೀಕ್ಷೆ ಮಾಡಿದೆ. ಮೆಕ್ಯಾನಿಕ್ಕು ಮಾಡಿದ್ದನ್ನ ದೂರದಿಂದ ನೋಡಿಕೊಂಡಿದ್ದೆನಲ್ಲ. ಡಿಕ್ಕಿ ಮೇಲೆ ಎರಡೂ ಕೈ ಊರಿ, ಮೈಭಾರವೆಲ್ಲ ಬಿಟ್ಟು ಒತ್ತಿ, ತಟ್ಟನೆ ಕೈ ತೆಗೆದೆ. ಶಾಕ್ ಕೆಟ್ಟಿದ್ರೆ ಕಾರು ತೊಟ್ಟಿಲಂಗೆ ತೂಗ್ತಾನೇ ಇರ್ಬೇಕು. ಇದು ಒಂದು ಸಲ ಮೇಲೆದ್ದು ಸುಮ್ಮನೆ ನಿಂತ್ಕೊಂಡ್ತು. ಶಾಕ್ ಸರಿಯಾಗೇ ಇತ್ತು, ಮೂಲೆ ಮಾತ್ರ ತಗ್ಗೇ ಇತ್ತು.

ಸರಿ, ಮತ್ತೆ ಅವನ ಹತ್ರ ಹೋದ್ವಿ. ಈ ಸಲ ನಾನೂ ಪಕ್ಕದಲ್ಲೇ ನಿಂತೆ. ಅವನು ಕಾರಿನಡಿ ಮಲಗಿ, ಚಕ್ರದ ಮೇಲೆ ಭಾರ ಹೊರೋ ಉಕ್ಕಿನ ಪಟ್ಟಿಗಳ ಕಟ್ಟನ್ನ ಸುತ್ತಿಗೇಲಿ ತಟ್ಟಿ ನೋಡಿ ಎದ್ದು ಬಂದ.

"ಅಕ್ಕೋ, ಎಡಗಡೆ ಪಟ್ಟಿ ಚಪ್ಪಟೆಯಾಗ್ಬುಟ್ಟದೆ. ಒಂದು ಬಿರುಕೂ ಬುಟ್ಟದೆ. ಬಲಗಡೇದು ಬಿಲ್ಲಿನಂಗೆ ಚೆನ್ನಾಗದೆ. ಇಂದ್ಗಡೆ ಈ ಮೂಲೇಲಿ ಯಾರ್ ಕೂತ್ಕತಾರೆ?"

"ಯಾರೂ ಇಲ್ಲ. ನಾವಿಬ್ಬರೇ, ಮುಂದೆ ಕೂರ್ತೀವಿ."

"ಯಾರೋ ಕೂತ್ಕತಾರೆ ಬುಡಿ," ಅಂತ ನಕ್ಕ. "ಒಳ್ಳೆ ಮೈಕೈ ತುಂಬ್ಕಂಡಿರೋರೇಯ."

ಯಜಮಾನರ ಮುಖ ನೋಡಿದೆ. ಅವರು ಟೈರು ನೋಡ್ತಿದ್ರು. "ಪಟ್ಟಿ ಆಮೇಲೆ ಮಾಡಿಸೋಣ," ಅಂತ ಕಾರು ಹತ್ತಿದ್ರು. ಯಾವಳವಳು ಅಂತ ನಾನು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ವಾರವಾರ ಕೆ.ಆರ್. ಪೇಟೆ ಕಡೆ ಹಸು ನೋಡೋಕೆ ಹೋಗ್ತೀನಿ ಅಂತ ಹೊರಡೋರು. ಹಗ್ಗ ಹಿಡಿದು ಒಂದು ಹಸೂನೂ ಮನೆಗೆ ತಂದಿರಲಿಲ್ಲ. ಇವರೇ ಕೈಬಿಟ್ರೆ ನಾನು ಹೋಗೋದಾದ್ರೂ ಎಲ್ಲಿಗೆ? ತಂಗಿ ಮದುವೇಲಿ ನಮ್ಮಪ್ಪಂಗೂ ಇವರಿಗೂ ಮಾತಿಗೆ ಮಾತು ಬೆಳೆದು, ಇಬ್ಬರೂ ಮಾತು ಬಿಟ್ಟಿದ್ರು. ಅವತ್ತಿಂದ ನಂಗೆ ಬಿಂಡಿಗನವಿಲೆಯ ತವರು ಮುಚ್ಚಿಹೋಗಿತ್ತು. ಮನೆಗೆ ಬಂದೋಳೇ ಹಿಂದಿನ ಸೀಟನ್ನ ಮೂಸಿದೆ. ಹೌದು, ಮೂಸಿದೆ, ನಾಚಿಕೆ ಯಾತಕ್ಕೆ? ಹುಡುಕಿದ್ದು ಮಲ್ಲಿಗೆ ಹೂವಿನ ವಾಸನೆ, ಸಿಕ್ಕಿದ್ದು ಮುಲಾಮಿನ ಗಬ್ಬು. ಮುಲಾಮು ಬಳ್ಕೊಂಡು ಓಡಾಡೋ ಇವಳೆಂಥ ಮಿಟುಕಲಾಡಿಯಪ್ಪಾ ಅಂದ್ಕೊಂಡೆ.

ಮುಂದಿನ ವಾರ ಅವರು ಹೊರಡೋ ಮುಂಚೇನೇ ಹೋಗಿ ಮುಂದಿನ ಸೀಟಲ್ಲಿ ಕೂತ್ಬಿಟ್ಟೆ.

"ಬ್ಯಾಡ ಕಣಮ್ಮಿ, ಬಿಸ್ಲು."

"ಬೆಂಕಿಯಾದ್ರೂ ಸರಿ, ನಡೀರಿ."

ಪಾಂಡವಪುರ ದಾಟಿದ ಮೇಲೆ ಕೆ.ಆರ್. ಪೇಟೆ ರಸ್ತೆ ಬಿಟ್ಟು ನಾಗಮಂಗಲದ ಕಡೆ ತಿರುಗಿಸಿದ್ರು. "ಕೆ.ಆರ್. ಪೇಟೆ ಈ ಕಡೆಗೆ ಎದ್ದು ಬಂತಾ?" ಅಂದೆ. ಗೇರು ಬದಲಾಯಿಸಿದ್ರು. ಹಳ್ಳ ಬಂದಾಗಲೆಲ್ಲ ಎಡಮೂಲೆ ಕಟಕ್ ಅನ್ನೋದು, ನನ್ನ ಎದೆಯೂ ಅನ್ನೋದು. ನಾಗಮಂಗಲವೂ ಕಳೀತು. ಕಾರು ಹೋಗಿ ನಿಂತಿದ್ದು ನನ್ನ ತವರುಮನೆ ಬಾಗಿಲಲ್ಲಿ.

ಅಪ್ಪ ಕೋಲೂರಿಕೊಂಡು ಹೊರಗೆ ಬಂದ್ರು. ಪಾದಕ್ಕೆ ದಪ್ಪ ಬ್ಯಾಂಡೇಜು. ನಮ್ಮಪ್ಪ ಭಾರೀ ಆಳು. ನನ್ನ ಕಂಡು ಗಕ್ಕನೆ ನಿಂತ್ರು. ಆಮೇಲೆ ಹಿಂದಿನ ಎಡಬಾಗಿಲು ತೆಗೆದು ಧೊಪ್ಪನೆ ಕೂತ್ರು. ಕಾರು ಆ ಮೂಲೆಗೆ ಕುಸೀತು. ಆಗ ಎಲ್ಲಾ ಗೊತ್ತಾಯ್ತು: ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಹುಣ್ಣು, ವಾರವಾರ ಮೈಸೂರಿನ ಆಸ್ಪತ್ರೆಗೆ ಹೋಗ್ಬೇಕು. ಅವಳಿಗೆ ಹೇಳಬೇಡಿ, ಹೆದರ್ತಾಳೆ ಅಂತ ನಮ್ಮವ್ವನೇ ಇವರ ಕೈಲಿ ಆಣೆ ಮಾಡಿಸಿಕೊಂಡಿದ್ಲು.

"ಮುಂದೆ ಕೂತ್ರೆ ಕಾಲು ಚಾಚ್ಬೋದಿತ್ತಲ್ಲಪ್ಪ?"

"ಮಾತು ಬುಟ್ಟಿರೋರ ಪಕ್ದಲ್ಲಿ ಎಂಗವ್ವ ಕೂತ್ಕಳದು?"

ಅಯ್ಯೋ ಶಿವನೇ! ಇಷ್ಟು ವಾರ ಇವರಿಬ್ಬರೂ ಬಿಂಡಿಗನವಿಲೆಯಿಂದ ಮೈಸೂರಿನವರೆಗೆ ತುಟಿ ಬಿಚ್ಚದೆ ಹೋಗಿ ಬಂದಿದ್ರು, ಅದೂ ನನ್ನ ಮನೆ ಮುಂದೇನೇ ಹಾಯ್ದು! ನಂಗೆ ಸಿಟ್ಟು ನೆತ್ತಿಗೇರ್ತು. ಬಾಯಿಗೆ ಬಂದಂಗೆ ಇಬ್ಬರನ್ನೂ ಬೈದೆ. ಇಬ್ಬರೂ ಕಿಟಕಿಯಾಚೆ ನೋಡ್ಕೊಂಡು ಬೈಸ್ಕೊಂಡ್ರು.

ನಾಗಮಂಗಲದ ಹತ್ರ ಹಿಂದಿನಿಂದ ಅಪ್ಪನ ದನಿ ಬಂತು. "ನಿನ್ ಗಂಡಂಗೆ ಯೋಳವ್ವ, ಎಲ್ಲಾರ ನಿಲ್ಸು ಅಂತ. ಅವನ್ ಒಟ್ಟೆ ಗುರ್ರನ್ನದು ಇಲ್ಲಿಗಂಟ ಕೇಳುಸ್ತಾ ಅದೆ."

ಬೆಳಿಗ್ಗೆ ಸಿಟ್ಟಲ್ಲಿ ನಾನು ಒಲೇನೇ ಹಚ್ಚಿರಲಿಲ್ಲ. ಇವರ ಕಡೆ ತಿರುಗೋ ಮೊದಲೇ ಕಾರು ಒಂದು ಹೋಟೆಲ್ ಮುಂದೆ ನಿಂತಿತ್ತು. ಇವರು ಸ್ಟೇರಿಂಗ್ ನೋಡ್ಕೊಂಡೇ ನಂಗೆ ಹೇಳಿದ್ರು: "ಮಾವಂಗೆ ಕೇಳು, ಇಳಿಯಕ್ಕಾಯ್ತದಾ, ಇಲ್ಲ ಇಡ್ಲಿ ಇಲ್ಲಿಗೇ ತರ್ಲಾ ಅಂತ."

ಆ ಜಗಳ ಆದ ಮೇಲೆ ಇವರ ಬಾಯಲ್ಲಿ 'ನಿಮ್ಮಪ್ಪ' ಅನ್ನೋದು ಬಿಟ್ಟು 'ಮಾವ' ಅನ್ನೋ ಮಾತು ಬಂದಿರಲಿಲ್ಲ. ನಾನು ಸೆರಗು ಬಾಯಿಗೆ ತುರುಕ್ಕೊಂಡು ಅತ್ತೆ. ಕೇಳಬೇಕಾದ್ದನ್ನ ಕೇಳೋಕೂ ಆಗಲಿಲ್ಲ. ಹಿಂದಿನಿಂದ ಅಪ್ಪ ನೇರವಾಗಿ ಇವರಿಗೇ ಹೇಳಿದ್ರು, "ಇಳೀತೀನಿ ಕಣಪ್ಪ, ಒಸಿ ಕೈ ಕೊಡು."