ಹೆಸರು ಹೇಳದ ಎಲೆ

2023ರ ಆಗಸ್ಟ್ 7, ಸೋಮವಾರ, ಬೆಳಿಗ್ಗೆ 9.40. ನಾನು ರಾಣೆಬೆನ್ನೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿ. ಎಲೆಗಳಿಂದ ಔಷಧೀಯ ಸಂಯುಕ್ತಗಳನ್ನು ಬೇರ್ಪಡಿಸಿ, ಅವು ದೇಹದಲ್ಲಿ ಏನು ಮಾಡುತ್ತವೆಂದು ನೋಡುವುದು ನಮ್ಮ ಕೆಲಸ. ರೋಗಿಯೊಬ್ಬ ಕುಡಿದ ಎಲೆ ಯಾವುದೆಂದು ಗುರುತಿಸಲು ಪರಿಚಯದ ವೈದ್ಯರೊಬ್ಬರು ಆಸ್ಪತ್ರೆಗೆ ಕರೆದರು.

ರೋಗಿ ಫಕ್ಕೀರಪ್ಪ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲ. ಕಾಮಾಲೆಯಾಗಿತ್ತು, ಇಲ್ಲಿ ಅದಕ್ಕೆ ಕಾಮಣಿ ಎನ್ನುತ್ತಾರೆ. ಐರಣಿ ಗ್ರಾಮದಲ್ಲಿರುವ ಅವನ ಅಕ್ಕ ಗಂಗವ್ವ ಕಾಮಣಿಗೆ ಔಷಧಿ ಕೊಡುವವಳು. ಹಿಂದಿನ ದಿನ ನಸುಕಿನಲ್ಲಿ ಎಲೆ ಅರೆದು ಕುಡಿಸಿದ್ದಳು. ಆಮೇಲೆ ವಾಂತಿ ಹತ್ತಿತ್ತು. ಈಗ ನಾಡಿ ನಿಮಿಷಕ್ಕೆ 42.

“ಇಷ್ಟ ದಿನ ಮೆಣಸಿನಕಾಯಿ ಆಗಿದ್ದೆರಿ ಮೇಡಂ, ಈಗ ಅರಿಷಿಣ ಆಗೇನಿ,” ಎಂದು ಅವನು ನಗಲು ನೋಡಿದ.

ಕೂಡಲೇ ಹುಬ್ಬಳ್ಳಿಗೆ ಸಾಗಿಸಬೇಕೆಂದು ವೈದ್ಯರು ಹೇಳುತ್ತಿದ್ದರು. ಗಂಗವ್ವ ಒಪ್ಪಲಿಲ್ಲ.

“ಪಿತ್ತ ಹೊರಗ ಬೀಳಾಕತ್ತೈತ್ರಿ. ಔಷಧಿ ಹತ್ತೈತಿ.”

“ಅಕ್ಕ ಹೇಳಿದಂಗರಿ,” ಎಂದ ಫಕ್ಕೀರಪ್ಪ.

ಯಾವ ಎಲೆಯೆಂದು ನಾನು ಕೇಳಿದೆ.

“ಹೆಸರ ಬಾಯಾಗ ಬಂದ್ರ ಗುಣ ಹೋಕ್ಕೈತಿ, ತಂಗಿ. ನಮ್ಮವ್ವನೂ ತೋರಿಸಿದ್ಲು, ಹೇಳಿಲ್ಲ.”

“ಹಂಗಾರ ನನಗೂ ತೋರಸ್ರಿ.”

“ಅಂವ ಎದ್ದು ಉಂಡ ಮ್ಯಾಲ.”

ತಮ್ಮನನ್ನು ಉಳಿಸಲೆಂದೇ ಅವಳು ಹೆಸರು ಮುಚ್ಚಿಟ್ಟಳು. ಅವಳ ಚೀಲದಲ್ಲಿದ್ದ ಲೋಟದ ತಳಕ್ಕೆ ಹತ್ತಿದ್ದ ಹಸಿರು ಗಸಿಯನ್ನು ಮಾತ್ರ ಕೆರೆದು ಕೊಟ್ಟಳು.

ಪ್ರಯೋಗಾಲಯಕ್ಕೆ ಬಂದು ಅದನ್ನು ಮೆಥನಾಲ್‌ನಲ್ಲಿ ನೆನೆಸಿ, ಸೋಸಿ, ಸಂಯುಕ್ತಗಳು ಬೇರೆಬೇರೆ ಎತ್ತರಕ್ಕೆ ಏರಿ ಬೇರ್ಪಡುವಂತೆ ಲೇಪ ಹಚ್ಚಿದ ಗಾಜಿನ ಫಲಕದ ಮೇಲೆ ಓಡಿಸಿದೆ. ಪಕ್ಕದಲ್ಲಿ ಹೋಲಿಕೆಗೆ ಡಿಜಾಕ್ಸಿನ್ ಇಟ್ಟಿದ್ದೆ. ಇದೂ ಎಲೆಯಿಂದಲೇ ಬಂದದ್ದು. ಅಳತೆಯಲ್ಲಿದ್ದರೆ ಹೃದಯಕ್ಕೆ ಔಷಧ, ಮೀರಿದರೆ ನಾಡಿ ಇಳಿಸಿ ಹೃದಯವನ್ನೇ ನಿಲ್ಲಿಸುವಂಥದ್ದು. ಪರೀಕ್ಷಾ ದ್ರಾವಣ ಸಿಂಪಡಿಸಿದಾಗ ಎರಡೂ ಕಡೆ ನೇರಳೆ ಕಲೆಗಳೆದ್ದವು. ಎತ್ತರ ಬೇರೆ, ಬಣ್ಣ ಒಂದೇ. ಅಂದರೆ ಸಂಯುಕ್ತ ಅದಲ್ಲ, ಅದೇ ಕುಟುಂಬದ್ದು.

ಫಲಕವನ್ನು ಆಸ್ಪತ್ರೆಗೆ ಒಯ್ದು ಗಂಗವ್ವನಿಗೆ ತೋರಿಸಿ, ಆ ಎಲೆಯೇ ಅವನ ಹೃದಯವನ್ನು ನಿಲ್ಲಿಸುತ್ತಿದೆ ಎಂದೆ. ತಮ್ಮನ ಮುಖ ನೋಡಿದಳು. “ಒಯ್ರಿ,” ಎಂದಳು. ಆಗ ಮಧ್ಯಾಹ್ನ 1.15, ನಾಡಿ 34. ಆಂಬುಲೆನ್ಸ್ ಹಾವೇರಿ ದಾಟಿದ ಮೇಲೆ ಫಕ್ಕೀರಪ್ಪ ತೀರಿಕೊಂಡ.

ಮುಂದಿನ ತಿಂಗಳು ಐರಣಿಗೆ ಹೋದೆ. ಗಂಗವ್ವ ಕುಂದ್ರು ಎನ್ನಲಿಲ್ಲ.

“ಕೇಳಿ ಕೇಳಿ ಗುಣ ಕೆಡಿಸಿದಿ. ಮತ್ತ ಕೇಳಾಕ ಬಂದೀಯೇನು?”

ಅವಳ ಕಟ್ಟೆಯ ಮೇಲೆ ಕಣ್ಣು ಹಳದಿಯಾದ ಇಬ್ಬರು ಕೂತಿದ್ದರು. ಆಸ್ಪತ್ರೆಗೆ ಹೋಗಿರೆಂದು ಹೇಳಿದೆ. ಅವರು ಅವಳ ಮುಖ ನೋಡಿದರು.

ಪ್ರಯೋಗಾಲಯ ಸಂಯುಕ್ತದ ಕುಟುಂಬವನ್ನು ಹೇಳಬಲ್ಲದು. ಅದು ಯಾವ ಗಿಡದಿಂದ ಬಂತೆಂದು ಜನರೇ ಹೇಳಬೇಕು. ನನಗೆ ಈ ಕೆಲಸ ಕಲಿಸಿದ್ದು ಇಷ್ಟು. ಐರಣಿ, ಮೇಡ್ಲೇರಿ ಕಡೆ ಕಾಮಣಿಗೆ ಅರೆದು ಕುಡಿಸುವ ಎಲೆ ಯಾವುದೆಂದು ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ನಿಮ್ಮ ಹೆಸರು ಬೇಡ, ಗಿಡದ ಹೆಸರು ಸಾಕು.